ಕೊನೆಯ ದಿನದ ಮನೆಗಳು

ಪಟ್ಟಿಯಲ್ಲಿ ಚಿಕ್ಕಮ್ಮ ದೇವಕ್ಕನ ಹೆಸರಿರಲಿಲ್ಲ. ಪಟ್ಟಿ ತಯಾರಿಸುವ ಕಂಪನಿಯ ಅಂಧೇರಿ ಆಫೀಸಿನಲ್ಲಿ ಕೂತಿದ್ದ ನೇತ್ರಾ ಮತ್ತೆ ಮೇಲಿನಿಂದ ನೋಡುತ್ತ ಬಂದಳು. ಬೊರಿವಲಿಯ ಅವರ ಸಾಲುಮನೆಗಳ ಚಾಳು ಒಡೆದು ಬಿಲ್ಡಿಂಗ್ ಕಟ್ಟುವವರಿದ್ದರು. ಸರ್ವೆಯ ಪಟ್ಟಿಯಲ್ಲಿದ್ದವರಿಗೆ ಮಾತ್ರ ಮನೆ.

ಸರ್ವೆ ಮಾರ್ಚ್ ತಿಂಗಳಿಡೀ ನಡೆದಿತ್ತು. ಹಗಲು ಬೀಗ ಬಿದ್ದಿರುವ ಮನೆಗಳಿಗೆಂದೇ ಮೂವತ್ತೊಂದರ ಸಂಜೆಯನ್ನು ಮೀಸಲಿಟ್ಟಿದ್ದರು. ದೇವಕ್ಕ ಮತ್ತು ಪಕ್ಕದ ಮನೆಯ ಮಲಿಕಾ ಬೇರೆಯವರ ಮನೆಗೆಲಸ ಮುಗಿಸಿ ಓಡಿ ಬಂದು, ಒಬ್ಬರ ಹಿಂದೊಬ್ಬರು ಹೆಬ್ಬೆಟ್ಟು ಒತ್ತಿದ್ದರು.

ನೇತ್ರಾ ಡೇಟಾಬೇಸಿನಿಂದ ಹೆಸರುಗಳನ್ನು ಹೆಕ್ಕುವ ಕ್ವೆರಿ ತೆರೆದಳು. ಅವಳ ಮೇಲಿನವನಾದ ಜುನೇದ್ ಬರೆದದ್ದು: ಮಾರ್ಚ್ ಒಂದರಿಂದ ಮೂವತ್ತೊಂದರ ನಡುವೆ. ಮೇಲ್ನೋಟಕ್ಕೆ ಸರಿಯೇ. ಆದರೆ ಪ್ರತಿ ದಾಖಲೆಗೂ ದಿನಾಂಕದ ಜೊತೆ ವೇಳೆಯೂ ಇತ್ತು; ವೇಳೆ ಹೇಳದೆ ದಿನಾಂಕವನ್ನಷ್ಟೇ ಕೊಟ್ಟರೆ ಡೇಟಾಬೇಸ್ ಅದನ್ನು ಆ ದಿನದ ಮೊದಲ ಕ್ಷಣವೆಂದೇ ಹಿಡಿಯುತ್ತದೆ. ಕೊನೆಯ ದಿನ ಇಡಿಯಾಗಿ ಹೊರಗುಳಿದಿತ್ತು. 'ಏಪ್ರಿಲ್ ಒಂದಕ್ಕಿಂತ ಮೊದಲು' ಎಂದು ತಿದ್ದಿ ರನ್ ಮಾಡಿದಳು. ಬೀಗದ ಮನೆಗಳೆಲ್ಲ ಬಂದವು.

ಜುನೇದ್ ಬಗ್ಗಿ ನೋಡಿದ. ಮುಖ ಸಣ್ಣದಾಯಿತು.

"ಪಟ್ಟಿಗೆ ಸಹಿ ಬಿದ್ದಾವ ನೇತ್ರಾ. ಈಗ ಇಷ್ಟು ಮಂದೀನ ಬಿಟ್ಟೀವಿ ಅಂದ್ರ ನಮ್ಮ ಕಂಪನಿ ಬಾಗಲಾ ಹಾಕಸ್ತಾರ."

"ಅವರ ಮನಿ ಬಾಗಲಾ?"

"ಭಾರಿ ಮಾತು ಕಲ್ತೀಯವಾ!" ಎಂದವನು ದನಿ ತಗ್ಗಿಸಿದ. "ನಿಮ್ಮ ಚಿಗವ್ವಂದು ಟೈಪಿಂಗ್ ಮಿಸ್ಟೇಕ್ ಅಂತ ಸೇರಸ್ತೀನಿ. ಒಂದು ಹೆಸರು ನಡೀತೈತಿ. ಎಲ್ಲಾರೂ ಬೇಕಂದ್ರ ಅದೂ ಇಲ್ಲ, ನಿನ್ನ ನೌಕರೀನೂ ಇಲ್ಲ. ಕ್ವೆರಿ ಮುಟ್ಟಬ್ಯಾಡ."

ಅವಳು ಮಾತು ಹುಡುಕಿದಳು. ಸಿಕ್ಕಿದ ಪ್ರತಿ ಮಾತಿಗೂ ಒಂದು ಮನೆಯ ಬೆಲೆಯಿತ್ತು. ಕೊನೆಗೆ ತಾನು ತಿದ್ದಿದ್ದನ್ನು ಅಳಿಸಿ, ಹಳೆಯ ಸಾಲನ್ನೇ ಮತ್ತೆ ಬರೆದಿಟ್ಟಳು.

ಸಂಜೆ ದೇವಕ್ಕ ರೊಟ್ಟಿ ಬಡಿಯುತ್ತಲೇ ಕೇಳಿದಳು, "ಹೆಸರು ಐತೇನವಾ?"

"ಐತಿ, ಚಿಗವ್ವಾ."

"ಏ ಮಲಿಕಾ! ಬಾರಬೇ, ಹೆಸರು ಬಂದಾವ!"

ಮಲಿಕಾ ಒದ್ದೆ ಕೈಯಲ್ಲೇ ಓಡಿ ಬಂದಳು. ಡಬ್ಬಿಯಿಂದ ಸಕ್ಕರೆ ಬಾಚಿ ನೇತ್ರಾಳ ಬಾಯಿಗೆ ತುರುಕಿದಳು.

"ನಮ್ಮ ಹುಡುಗೀನ ಅಲ್ಲಿ ಕುಂತೈತಿ ಅಂದಮ್ಯಾಲ ನಮಗ್ಯಾಕ ಚಿಂತಿ?"

ಬಾಯಿ ತುಂಬಿತ್ತು. ಸದ್ಯಕ್ಕೆ ಮಾತಾಡಬೇಕಾಗಿರಲಿಲ್ಲ. ನೇತ್ರಾ ತಲೆ ತಗ್ಗಿಸಿ, ಸಕ್ಕರೆ ಬೇಗ ಕರಗದಿರಲೆಂದು ಮೆಲ್ಲಗೆ ಜಗಿಯುತ್ತ ಕೂತಳು.