ತೊಂಬತ್ತೆಂಟರ ಬೆರಳು

ತಾಯಿಯ ತೋರುಬೆರಳನ್ನು ಕಚ್ಚಿಕೊಂಡಿದ್ದ ಕ್ಲಿಪ್ಪನ್ನು ಮಗಳು ಕಿತ್ತಳು. ಬೆರಳು ಸೆಟೆದಿತ್ತು. ವರ್ಷಾನುಗಟ್ಟಲೆ ಕಚ್ಚಿಸಿಕೊಂಡು ಅದರ ತುದಿ ಚಪ್ಪಟೆಯಾಗಿ ಹೋಗಿತ್ತು.

"ಬಿಸಾಕೇ ಅದನ್ನ," ಎಂದಳು ಚಿಕ್ಕಮ್ಮ, ಹೆಣದ ಹೊದಿಕೆ ಸರಿಮಾಡುತ್ತ.

"ತೊಂಬತ್ತೆಂಟು ಅಂತಲೇ ತೋರಿಸ್ತಿತ್ತು ಚಿಕ್ಕಮ್ಮ. ಅದಕ್ಕೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಲ್ಲ."

ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದಳು. ನಿನ್ನ ತಪ್ಪಲ್ಲ ಎಂದು ಒಬ್ಬರಾದರೂ ಅಂದಾರು ಎಂಬ ಆಸೆ. ಅವರೋ ತಲೆಯಾಡಿಸಿ, ವ್ಯಾನ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುತ್ತಿದ್ದರು.

*

ತಾಯಿ ದುಡಿದದ್ದು ಈ ಕ್ಲಿಪ್ಪು ತಯಾರಿಸುವ ಕಾರ್ಖಾನೆಯಲ್ಲಿ. ಕಾರ್ಖಾನೆ ಅನ್ನುವುದು ದೊಡ್ಡ ಮಾತು. ಕಿಟಕಿಯಿಲ್ಲದ ಹಜಾರ, ಅದರ ತುಂಬ ಬೆಸುಗೆಯ ಹೊಗೆ. ಬೆರಳಿನೊಳಗೆ ಬೆಳಕು ಹಾಯಿಸಿ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಹೇಳುವ ಕ್ಲಿಪ್ಪು ಅದು. ಸರಿಯಾಗಿ ಹೇಳುತ್ತಿದೆಯೇ ಎಂದು ಪರೀಕ್ಷಿಸಲು ಬೇರೊಂದು ಯಂತ್ರ ಬೇಕು. ಯಜಮಾನ ಅದನ್ನು ತರಿಸಲಿಲ್ಲ. ತಾಯಿಯನ್ನು ಒಮ್ಮೆ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದ. ತೊಂಬತ್ತೆಂಟು ಬಂತು. ಅಂದಿನಿಂದ ಅವಳ ಬೆರಳೇ ಅಳತೆಗೋಲು. ಪ್ರತಿ ಕ್ಲಿಪ್ಪನ್ನೂ ಅವಳ ಬೆರಳಿಗೆ ಸಿಕ್ಕಿಸಿ, ತೊಂಬತ್ತೆಂಟು ಎಂದು ಒಪ್ಪಿಕೊಳ್ಳುವವರೆಗೂ ಅದರ ತಿರುಪಿನ ಕಿವಿ ಹಿಂಡುವುದು. ಅವಳ ಹೆಸರೇ ತೊಂಬತ್ತೆಂಟಮ್ಮ ಎಂದಾಯಿತು. ಅದರ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು.

"ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟತ್ತೆ ಯಜಮಾನ್ರೇ," ಎಂದಳು ಹೋದ ವಾರ.

ಅವನು ಆಗಷ್ಟೇ ಸಿದ್ಧವಾದ ಕ್ಲಿಪ್ಪೊಂದನ್ನು ಅವಳಿಗೇ ಸಿಕ್ಕಿಸಿದ. "ನೋಡು, ತೊಂಬತ್ತೆಂಟು. ಗುಂಡುಕಲ್ಲಿನ ಹಾಗಿದ್ದೀಯ. ಮನೇಗೆ ತಗೊಂಡು ಹೋಗು, ಇದು ನಿಂಗೆ ಉಡುಗೊರೆ."

*

ಪಕ್ಕದ ಮನೆಯ ನರ್ಸ್ ಡ್ಯೂಟಿ ಮುಗಿಸಿ ಸೀದಾ ಬಂದಿದ್ದಳು. ಮೂಲೆಯಲ್ಲಿ ಕೂತಿದ್ದ ದೊಡ್ಡಪ್ಪನಿಗೆ ಹಳೆಯ ಉಬ್ಬಸ, ಅಳು ಬೇರೆ ಸೇರಿ ಏದುಸಿರು ಬರುತ್ತಿತ್ತು. ನರ್ಸ್ ಜೇಬಿನಿಂದ ಆಸ್ಪತ್ರೆಯ ಕ್ಲಿಪ್ಪು ತೆಗೆದು ಅವನ ಬೆರಳಿಗೆ ಹಾಕಿದಳು. ಎಂಬತ್ತೊಂಬತ್ತು. ಮಗಳು ತಾಯಿಯ ಕ್ಲಿಪ್ಪನ್ನು ಅವನ ಇನ್ನೊಂದು ಕೈಗೆ ಸಿಕ್ಕಿಸಿದಳು. ತೊಂಬತ್ತೆಂಟು.

"ಇದನ್ನ ಯಾರ ಬೆರಳಿಗೆ ಹೊಂದಿಸಿದ್ದು?" ಎಂದಳು ನರ್ಸ್.

"ಅಮ್ಮನ ಬೆರಳಿಗೆ. ಎಲ್ಲವನ್ನೂ ಅದಕ್ಕೇ."

"ಆ ಹೊಗೇಲಿ ಕೂತು ಅವರ ಶ್ವಾಸಕೋಶ ಹಾಳಾಗಿತ್ತು ಕಣೇ. ಅವರ ಆಮ್ಲಜನಕ ಇಳೀತಾ ಹೋಗಿದೆ, ಕಾರ್ಖಾನೆಯವರು ಇಳಿದಿದ್ದನ್ನೇ ತೊಂಬತ್ತೆಂಟು ಅನ್ನಿಸ್ತಾ ಹೋಗಿದ್ದಾರೆ."

ಕಾಯಿಲೆಗೆ ಹೊಂದಿಸಿದ ಆ ಕ್ಲಿಪ್ಪುಗಳು ಪೆಟ್ಟಿಗೆಗಟ್ಟಲೆ ಅಂಗಡಿಗಳಿಗೆ ಹೋಗಿದ್ದವು. ಎಷ್ಟು ಮನೆಗಳಲ್ಲಿ ಎಷ್ಟು ಮಂದಿ ಅವನ್ನು ನೋಡಿ ನಿಶ್ಚಿಂತೆಯಿಂದ ಮಲಗಿದ್ದಾರೋ.

ಅಷ್ಟರಲ್ಲಿ ಯಜಮಾನ ಹೂಗುಚ್ಛ ಹಿಡಿದು ಒಳಗೆ ಬಂದ. ಮೂರನೇ ಮಹಡಿ ಹತ್ತುವಷ್ಟರಲ್ಲಿ ಬೆವರಿಳಿದಿತ್ತು, ತುಟಿ ನೀಲಿಗಟ್ಟಿತ್ತು. ಹೆಣದ ಕಡೆ ಒಮ್ಮೆ ನೋಡಿ ಮಗಳ ಕೈ ಹಿಡಿದುಕೊಂಡ. ಹಿಡಿದವನು ಬಿಡಲಿಲ್ಲ. ತೋರುಬೆರಳಿನ ತುದಿಯನ್ನು ತರಕಾರಿ ಕೊಳ್ಳುವವನಂತೆ ಒತ್ತಿ ನೋಡಿದ.

"ಥೇಟ್ ಅಮ್ಮನ ಬೆರಳೇ. ಸೋಮವಾರದಿಂದ ಬಂದ್ಬಿಡಮ್ಮ."

ಅವಳು ಕೈ ಕಿತ್ತುಕೊಂಡು ಬಟ್ಟೆಗೆ ಒರೆಸಿಕೊಂಡಳು. "ನಿಮ್ಮ ಕ್ಲಿಪ್ಪು ಸುಳ್ಳು ಹೇಳತ್ತೆ ಯಜಮಾನ್ರೇ. ಅದನ್ನ ನಂಬಿ ಅಮ್ಮ ಸತ್ತಳು."

"ದುಃಖದಲ್ಲಿ ಹಾಗೆಲ್ಲ ಅನ್ಸತ್ತಮ್ಮ." ಜೇಬಿನಿಂದ ತನ್ನ ಕ್ಲಿಪ್ಪು ತೆಗೆದು ಸಿಕ್ಕಿಸಿಕೊಂಡ. "ಬೆಳಗ್ಗೆಯಿಂದ ಎದೆ ಬಿಗೀತಾ ಇತ್ತು, ಗಾಬರಿಯಾಗಿದ್ದೆ. ಇಲ್ನೋಡು, ತೊಂಬತ್ತೆಂಟು."

ನರ್ಸ್ ಅವಸರದಲ್ಲಿ ತನ್ನ ಜೇಬಿಗೆ ಕೈ ಹಾಕಿದಳು. ಮಗಳು ಆ ಕೈಯನ್ನು ಹಿಡಿದು ನಿಲ್ಲಿಸಿದಳು.

"ಗುಂಡುಕಲ್ಲಿನ ಹಾಗಿದ್ದೀರಿ," ಎಂದಳು ಅವನಿಗೆ.

ಅವನು ಹೊರಟ. ಮಗಳು ಮೇಲಿನಿಂದ ಬಗ್ಗಿ ನೋಡಿದಳು. ಮೆಟ್ಟಿಲ ತಿರುವಿನಲ್ಲಿ ಕಂಬಿ ಹಿಡಿದು ನಿಂತು ಬಾಯಿ ತೆರೆದು ಉಸಿರೆಳೆಯುತ್ತಿದ್ದ. ಕತ್ತಲಲ್ಲಿ ಅವನ ಬೆರಳ ತುದಿ ಕೆಂಪಗೆ ಹೊಳೆಯಿತು. ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿ, ತೃಪ್ತಿಯಿಂದ ತಲೆಯಾಡಿಸಿ, ಮುಂದಿನ ಮೆಟ್ಟಿಲಿಗೆ ಕಾಲಿಟ್ಟ.