ಗಾಜಿನ ಬೀರುವಿನ ಪುಸ್ತಕಗಳು

ಮನೆಯಲ್ಲಿ ಪುಸ್ತಕ ಇದ್ದರೆ ಸಾಕು, ಮಕ್ಕಳು ತಾವಾಗಿಯೇ ಓದಿಕೊಳ್ಳುತ್ತಾರೆ ಎಂದು ನಂಬಿದವರು ನಮ್ಮಲ್ಲಿ ಬೇಕಾದಷ್ಟು ಜನ. ನಮ್ಮ ಟೈಲರನೂ ಹಾಗೇ ನಂಬಿದ್ದ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ, ಇಷ್ಟೇ ಅವನ ಸಂಸಾರ. ಅಂಗಡಿಯಲ್ಲೊಂದು ಗಾಜಿನ ಬೀರು. ಹೊಲಿದು ಮುಗಿಸಿದ ಕೋಟುಗಳಿಗೆ ಪ್ಲಾಸ್ಟಿಕ್ ಹೊದಿಸಿ ಅದರೊಳಗೆ ತೂಗುಹಾಕುತ್ತಿದ್ದ. ನಾಲ್ಕು ವರ್ಷದ ಮಗಳಿಗೆಂದು ತಂದ ಚಿತ್ರದ ಪುಸ್ತಕಗಳಿಗೂ ಅದೇ ಮರ್ಯಾದೆ! ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ, ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಜಾಗ, ಬಾಗಿಲಿಗೆ ಬೀಗ. ಬಂದ ಗಿರಾಕಿಗಳು "ಪರವಾಗಿಲ್ಲವೇ, ಮಗಳನ್ನ ಚೆನ್ನಾಗಿ ಓದಿಸೋ ಹಾಗಿದೆ" ಎಂದರೆ ಉಬ್ಬಿಹೋಗುತ್ತಿದ್ದ.

ಒಂದು ಸಂಜೆ ಅವನ ತಂಗಿ ಬಂದಳು. ಅವಳು ಶಿಶುವಿಹಾರದಲ್ಲಿ ಟೀಚರು. ಟೈಲರನ ಮಗಳೂ ಅಲ್ಲಿಗೇ ಹೋಗುವುದು. ಆ ಮಗು ಮಹಾ ಚೂಟಿ, ಬಾಯಿ ಬಿಟ್ಟರೆ ಪಟಪಟ. ಎಲ್ಲರೂ ಅವಳನ್ನು ಚಿನಕುರುಳಿ ಎಂದೇ ಕರೆಯುತ್ತಿದ್ದರು. ತಂಗಿ ಚೀಲದಿಂದ ಒಂದು ಹೊಸ ಪುಸ್ತಕ ತೆಗೆದು ಮಗುವಿನ ಮುಂದೆ ಹಿಡಿದಳು.

"ತಗೋ ಚಿನ್ನಾ, ನಿನಗೇ ಇದು."

ಚಿನಕುರುಳಿ ತಟ್ಟನೆ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. "ಬೇಡ ಅತ್ತೆ. ಮುಟ್ಟಿದ್ರೆ ಅಪ್ಪ ಬೈತಾರೆ."

"ನೋಡಿದ್ಯಾ ಅಣ್ಣ?" ತಂಗಿಯ ಮುಖ ಗಂಭೀರವಾಯಿತು. "ಇದನ್ನ ಹೇಳೋಕೇ ನಾನು ಬಂದಿದ್ದು. ನಮ್ಮಲ್ಲಿ ಎಲ್ಲ ಮಕ್ಕಳೂ ಪುಸ್ತಕದ ಮೂಲೆಗೆ ಓಡಿದ್ರೆ, ಇವಳೊಬ್ಬಳು ಹೀಗೇ ಕೈ ಹಿಂದೆ ಇಟ್ಕೊಂಡು ಗೋಡೆಗೆ ಒರಗಿ ನಿಲ್ತಾಳೆ. ಇನ್ನೇನು ದೊಡ್ಡ ಶಾಲೆಗೆ ಸೇರ್ತಾಳೆ. ಪುಸ್ತಕ ಕಂಡ್ರೇನೇ ಹೆದರೋ ಮಗು ಅಲ್ಲಿ ಏನು ಕಲಿಯುತ್ತೆ?"

"ಅಯ್ಯೋ, ದೊಡ್ಡವಳಾದ ಮೇಲೆ ಓದಲಿ ಅಂತ ತಾನೇ ನಾನು ಜೋಪಾನ ಮಾಡಿಟ್ಟಿರೋದು!" ಟೈಲರ್ ಕತ್ತರಿ ಕೆಳಗಿಟ್ಟ. "ಅಕ್ಷರವೇ ಗೊತ್ತಿಲ್ಲದ ಕೂಸಿಗೆ ಪುಸ್ತಕ ಕೊಡೋದೂ ಒಂದೇ, ಮಂಗನ ಕೈಗೆ ಮಾಣಿಕ್ಯ ಕೊಡೋದೂ ಒಂದೇ."

"ಹಾಗಾದ್ರೆ ಮಾತು ಬರೋಕೆ ಮುಂಚೆ ನೀನು ಇವಳ ಜೊತೆ ಮಾತೇ ಆಡ್ಲಿಲ್ವಾ? ಆಡಿದ್ದಕ್ಕೇ ತಾನೇ ಮಾತು ಬಂದಿದ್ದು! ಓದೂ ಹಾಗೇ ಅಣ್ಣ. ಗಿರಾಕಿ ಬಂದ್ರೆ ಬಟ್ಟೆ ಥಾನು ಬಿಚ್ಚಿ ಹರಡಿ 'ಮುಟ್ಟಿ ನೋಡಿ ಸ್ವಾಮಿ, ಮುಟ್ಟಿ ನೋಡಿ' ಅಂತೀಯ. ಮಗಳಿಗೆ ಮಾತ್ರ ಗಾಜಿನ ಆಚೆಯಿಂದ ತೋರಿಸ್ತೀಯ!"

ಗುಂಡಿ ಹಾಕುತ್ತ ಕುಳಿತಿದ್ದ ಹೆಂಡತಿ ನಕ್ಕಳು. "ಹಾಗೆ ಹೇಳಮ್ಮ! ನಾನು ಹೇಳಿದ್ರೆ ನಿಮ್ಮಣ್ಣ ಕಿವಿ ಮೇಲೇ ಹಾಕ್ಕೊಳ್ಳಲ್ಲ."

ಟೈಲರನ ಮುಖ ಸಣ್ಣದಾಯಿತು. ಒಳಗಿದ್ದ ಮಾತು ಆಗ ಹೊರಗೆ ಬಂತು. "ನಾನು ಅಕ್ಷರ ಕೂಡಿಸಿ ಕೂಡಿಸಿ ಓದೋನು. ತಡವರಿಸಿದ್ರೆ ಮಗಳ ಮುಂದೆ ನನ್ನ ಮಾನ ಏನಾಗ್ಬೇಕು?"

"ಅವಳೇನು ನಿನಗೆ ಮಾರ್ಕು ಹಾಕ್ತಾಳಾ? ತಡವರಿಸಿದ್ರೆ ತಡವರಿಸು. ಅದೂ ಬೇಡ ಅಂದ್ರೆ ಚಿತ್ರ ತೋರಿಸ್ತಾ ನೀನೇ ಕಥೆ ಕಟ್ಟು. ಅವಳಿಗೆ ಬೇಕಾಗಿರೋದು ಅಪ್ಪನ ಪಕ್ಕ, ಅಪ್ಪನ ದನಿ."

ಟೈಲರ್ ಹಠವಾದಿ. ಅವನ ಹಠ ಇಷ್ಟು ದಿನ ಬೀಗದ ಕಡೆ ಇತ್ತು, ಅವತ್ತು ತಿರುಗಿತು. ಬೀಗ ತೆಗೆದು, ಪ್ಲಾಸ್ಟಿಕ್ ಎಲ್ಲ ಸುಲಿದು ಹಾಕಿ, ಪುಸ್ತಕಗಳನ್ನು ತಂದು ಮಗಳ ಕೈಗೆಟುಕುವ ಕೆಳಗಿನ ಹಲಗೆಯ ಮೇಲೆ ಜೋಡಿಸಿದ. ಮರುದಿನ ಅಂಗಡಿಯ ಬಾಗಿಲೆಳೆದವನೇ ಚಾಪೆ ಹಾಸಿ, ತಂಗಿ ತಂದಿದ್ದ ಪುಸ್ತಕ ಹಿಡಿದು ಕುಳಿತ. ಕೋಟು ತೊಟ್ಟ ಆನೆಯೊಂದರ ಗುಂಡಿ ಕಳೆದುಹೋದ ಕಥೆ ಅದು. ಮಗಳು ಹತ್ತಿರ ಸುಳಿಯಲಿಲ್ಲ. ಬಿಟ್ಟನೇ? ಒಬ್ಬನೇ ಜೋರಾಗಿ ಓದತೊಡಗಿದ.

"ಆನೆಯ... ಕೋಟಿನ... ಗುಂಡಿ... ಕಿತ್ತುಹೋಯಿತು. ಥೂ, ಯಾವನಪ್ಪ ಇದನ್ನ ಹೊಲಿದವನು! ಕೈಗೆ ಸಿಗಲಿ ಅವನು, ಟೈಲರ್ ಜಾತಿಗೇ ಅವಮಾನ!"

ಪರದೆಯ ಹಿಂದೆ ಕಿಸಕ್ಕೆಂದು ನಗು ಕೇಳಿಸಿತು. ಟೈಲರ್ ಕತ್ತೆತ್ತಲಿಲ್ಲ, ಕರೆಯಲೂ ಇಲ್ಲ, ಓದುತ್ತಲೇ ಹೋದ. ದಿನ ಕಳೆದಂತೆ ಮಗಳು ಪರದೆ ಬಿಟ್ಟು ಚಾಪೆಯ ಅಂಚಿಗೆ ಬಂದಳು, ಅಲ್ಲಿಂದ ಅಪ್ಪನ ಮಗ್ಗುಲಿಗೆ. ಆಮೇಲೆ ಶುರುವಾಯಿತು ನೋಡಿ, "ಇನ್ನೊಂದ್ಸಲ ಅಪ್ಪ!" ಅದೇ ಆನೆ, ಅದೇ ಗುಂಡಿ, ಅದೇ ಬೈಗುಳ. ಟೈಲರನಿಗೆ ತಲೆ ಚಿಟ್ಟುಹಿಡಿದುಹೋಯಿತು. ತಂಗಿಯನ್ನು ಕೇಳಿದರೆ, "ಬೇಸರ ನಿನಗೆ, ಅವಳಿಗಲ್ಲ. ಕೇಳಿದಷ್ಟು ಸಲ ಓದು" ಎಂದಳು. ಓದಿದ.

ಆದರೂ ಮಗಳು ಪುಸ್ತಕವನ್ನು ಮುಟ್ಟುತ್ತಿರಲಿಲ್ಲ. ಪುಟ ತಿರುಗಿಸುವ ಕೆಲಸ ಅಪ್ಪನದೇ. ಒಂದು ಸಂಜೆ ಆನೆಗೆ ಗುಂಡಿ ಸಿಗುವ ಹೊತ್ತಿಗೆ ಅವಳಿಗೆ ತಡೆಯಲಾಗಲಿಲ್ಲ. ಕೈ ಚಾಚಿ ಪುಟ ಎಳೆದಳು. ಪರ್‍ರೆಂದು ಅರ್ಧಕ್ಕೆ ಹರಿಯಿತು.

ಕೈಗಳು ಮತ್ತೆ ಬೆನ್ನ ಹಿಂದೆ ಹೋದವು. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು. ಟೈಲರನ ಬಾಯಿಗೆ ಹಳೆಯ ಗದರಿಕೆ ಬಂದೇಬಿಟ್ಟಿತ್ತು. ಮಗಳ ಮುಖ ನೋಡಿ ನುಂಗಿಕೊಂಡ. ತನ್ನನ್ನು ಕಂಡು ತನ್ನ ಮಗು ಹೀಗೆ ಹೆದರುವುದೇ ಎಂದುಕೊಂಡು ಅವಳ ಕಣ್ಣೊರೆಸಿದ.

"ಅಳ್ತೀಯಾಕೆ ಕಂದಾ? ನಿಮ್ಮಪ್ಪ ಯಾರು?"

"ಟೈ... ಟೈಲರು."

"ಮತ್ತೆ? ಹರಿದದ್ದನ್ನ ನೋಡಿ ಟೈಲರ್ ಹೆದರ್ತಾನಾ? ಬಾ, ಯಾವ ಬಣ್ಣದ ದಾರ ಹೇಳು."

ಅವಳು ಕೆಂಪು ದಾರ ತೋರಿಸಿದಳು. ಟೈಲರ್ ಹೊಲಿಗೆ ಯಂತ್ರದ ಮುಂದೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪುಟವನ್ನು ಸೂಜಿಯಡಿ ಇಟ್ಟು, ದೊಡ್ಡ ದೊಡ್ಡ ಹೊಲಿಗೆ ಹಾಕಿದ. ಆನೆಯ ಹೊಟ್ಟೆಯ ಮೇಲೆ ಕೆಂಪು ಗೆರೆಯೊಂದು ಮೂಡಿತು. "ಆನೆಗೆ ಆಪರೇಷನ್!" ಎಂದು ಚಿನಕುರುಳಿ ಚಪ್ಪಾಳೆ ತಟ್ಟಿದಳು. ಆಮೇಲೆ ಎರಡೂ ಕೈಯಲ್ಲಿ ಪುಸ್ತಕ ಬಾಚಿಕೊಂಡು ಅಮ್ಮನಿಗೆ ಕಥೆ ಹೇಳಲು ಒಳಗೋಡಿದಳು. ಬೈಗುಳವನ್ನೂ ಬಿಡದೆ ಹೇಳಿದಳು.

ಈಗ ಶಿಶುವಿಹಾರದಲ್ಲಿ ಪುಸ್ತಕದ ಮೂಲೆಗೆ ಎಲ್ಲರಿಗಿಂತ ಮೊದಲು ಓಡುವವಳು ಅವಳೇ. ಅಂಗಡಿಗೆ ಬರುವ ಮಕ್ಕಳಿಗೂ ಕೆಳಗಿನ ಹಲಗೆ ತೆರೆದೇ ಇದೆ. ಮೊನ್ನೆ ಅಳತೆ ಕೊಡಲು ಬಂದವರೊಬ್ಬರು ಮಗನನ್ನು "ಏ, ಮುಟ್ಟಬೇಡ, ಹರಿದುಬಿಡ್ತೀಯ" ಎಂದು ಗದರಿದರು. ಟೈಲರ್ ಟೇಪು ಹಿಡಿದಲ್ಲೇ ಹೇಳಿದ, "ಮುಟ್ಟಲಿ ಬಿಡಿ ಸ್ವಾಮಿ. ಪುಟ ಹರಿದ್ರೆ ನಾನು ಹೊಲಿದುಕೊಡ್ತೀನಿ. ಮಗುವಿನ ಆಸೆ ಹರಿದ್ರೆ ನನ್ನ ಕೈಲಾಗಲ್ಲ."

ಅಪ್ಪಂದಿರೇ, ಅಮ್ಮಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮನೆಯ ಪುಸ್ತಕ ಎಲ್ಲಿದೆ ಎಂದು ಈಗಲೇ ಎದ್ದು ನೋಡಿ. ಮಗುವಿನ ಕೈಗೆ ಎಟುಕದಿದ್ದರೆ ಕೆಳಗಿಳಿಸಿ. ಪುಸ್ತಕವೇ ಇಲ್ಲವೇ? ಗ್ರಂಥಾಲಯದಿಂದ, ಶಿಶುವಿಹಾರದಿಂದ ಒಂದು ಕೇಳಿ ತನ್ನಿ. ಓದಲು ಬಂದರೆ ಓದಿ, ಬಾರದಿದ್ದರೆ ಚಿತ್ರ ತೋರಿಸಿ ಕಥೆ ಹೇಳಿ, ನಡುವೆ ಮಗು ಕೇಳಿದ್ದಕ್ಕೆಲ್ಲ ಉತ್ತರ ಕೊಡಿ. ದಿನಾ ಸ್ವಲ್ಪ ಹೊತ್ತು ಸಾಕು. ಕೆಲಸ ಮುಗಿಯಲಿ, ಆಮೇಲೆ ನೋಡೋಣ ಎನ್ನಬೇಡಿ. ಕೆಲಸ ಎಂದೂ ಮುಗಿಯುವುದಿಲ್ಲ, ಅಷ್ಟರಲ್ಲಿ ಮಗು ಬೆಳೆದುಬಿಡುತ್ತದೆ.