ಒಡೆದ ಚೂರಿನ ನವಿಲು

ಚಾಪೆಯ ನಾಲ್ಕು ಮೂಲೆ ಹಿಡಿದವರು ಕಲಾವತಿಯ ದೇಹವನ್ನು ಒಳಕೋಣೆಯಿಂದ ಹಾಲಿಗೆ ತರುತ್ತಿದ್ದಾಗ ಪಿಂಗಾಣಿ ಚೂರುಗಳಲ್ಲಿ ನವಿಲು ಕೂರಿಸಿದ್ದ ಟೀಪಾಯಿ ಅಡ್ಡ ಬಂತು. ಯಾರಾದರೂ ಎತ್ತಿ ಪಕ್ಕಕ್ಕಿಟ್ಟಿದ್ದರೆ ಸಾಕಿತ್ತು. ಆಕೆಯ ಗಂಡ ಬದರಿನಾಥ ಕಾಲೆತ್ತಿ ಒದ್ದ. ಟೀಪಾಯಿ ಗೋಡೆಗೆ ಬಡಿದು ಅದರ ಒಂದು ಕಾಲು ಮುರಿಯಿತು. ನವಿಲಿನ ಕತ್ತಿನ ನೀಲಿ ಚೂರುಗಳು ನೆಲದ ಮೇಲೆ ಚೆಲ್ಲಿದವು.

"ಅಯ್ಯೋ ಪಾಪ, ದುಃಖ ತಡೆಯೋಕಾಗ್ತಿಲ್ಲ ಅವರಿಗೆ," ಎಂದಳು ಕೆಳಗಿನ ಮನೆಯ ಹೆಂಗಸು.

ದುಃಖವಂತೆ! ಮಗಳು ಭಾವನಾಗೆ ಕಿರುಚಬೇಕು ಅನ್ನಿಸಿತು. ಅದರ ಬದಲು ಬಗ್ಗಿ ಚೂರುಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿ ಗಂಟು ಕಟ್ಟಿಕೊಂಡಳು. ಈ ಮನೆಯಲ್ಲಿ ಏನಾದರೂ ಒಡೆದರೆ ಅವಳ ಕೈ ತಾನಾಗಿಯೇ ನೆಲಕ್ಕೆ ಹೋಗುತ್ತಿತ್ತು.

ಬೆಳಗ್ಗೆ ಹಾಲು ಕಾಯಿಸುತ್ತಿದ್ದ ಕಲಾವತಿ ಒಲೆಯ ಮುಂದೆಯೇ ಕುಸಿದಿದ್ದಳು. ಹೃದಯ ನಿಂತಿತು ಎಂದರು ಡಾಕ್ಟರು. ಸ್ನಾನ ಮಾಡಿಸಲು ಮನೆಯಲ್ಲಿ ನೀರಿರಲಿಲ್ಲ. ಎದುರು ಮನೆಯ ಶಾರದಮ್ಮ ಬೀದಿಗಿಳಿದು ನೀರಿನ ಲಾರಿಯ ಮುಂದೆ ಜಗಳವಾಡಿ ನಾಲ್ಕು ಕೊಡ ತಂದರು. ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಆ ಬೇಸಿಗೆ ಸತ್ತವರಿಗೂ ನೀರಿಗೆ ಕ್ಯೂ ನಿಲ್ಲಬೇಕಾಗಿತ್ತು.

ಹಸಿರು ಸೀರೆ ಉಡಿಸಿ, ಕುಂಕುಮ ಇಟ್ಟು, ಮಲ್ಲಿಗೆ ಮುಡಿಸಿ ಮಲಗಿಸಿದರು. ಬಂದವರು ಒಂದು ಸಲ ಹೆಣವನ್ನೂ ಹತ್ತು ಸಲ ಮನೆಯನ್ನೂ ನೋಡಿದರು.

"ಎಂಥಾ ಕೈ ರೀ ಇವರದು! ಒಡೆದ ಬಳೆಗಳಲ್ಲಿ ಕನ್ನಡಿಗೆ ಚೌಕಟ್ಟು ಮಾಡಿದ್ದಾರೆ, ನೋಡ್ರೀ."

"ಹರಿದ ಸೀರೆ ಹೆಣೆದು ಕುರ್ಚಿಗೆ ಸೀಟು! ಅಂಗಡೀಲಿ ಇಂಥದ್ದು ಸಿಗಲ್ಲಮ್ಮ."

"ಮುತ್ತೈದೆಯಾಗಿ ಹೋದ್ರು, ಪುಣ್ಯವಂತೆ."

ಭಾವನಾ ಗೋಡೆಗೆ ಒರಗಿ ಎಲ್ಲ ಕೇಳಿಸಿಕೊಂಡಳು. ಆ ಬಳೆಗಳು ಒಡೆದದ್ದು ಅಪ್ಪ ಅಮ್ಮನ ಮಣಿಕಟ್ಟು ತಿರುಚಿದಾಗ. ಆ ಸೀರೆ ಹರಿದದ್ದು ಅವನು ಅಮ್ಮನನ್ನು ಬಚ್ಚಲಿನಿಂದ ಹಾಲಿನವರೆಗೆ ಎಳೆದು ತಂದಾಗ. ಈ ಮನೆಯಲ್ಲಿ ಏಟಿನಿಂದ ಹುಟ್ಟದ ಚಂದದ ವಸ್ತು ಒಂದೂ ಇರಲಿಲ್ಲ.

*

ಭಾವನಾಗೆ ಆಗ ಏಳೋ ಎಂಟೋ ವರ್ಷ. ಸಾರಿಗೆ ಉಪ್ಪು ಹೆಚ್ಚಾಗಿತ್ತು. ಬದರಿನಾಥ ವಿಮಾ ಕಚೇರಿಯಲ್ಲಿ ಯಾರಿಗೂ ಎದುರಾಡದ ಮನುಷ್ಯ. ಮನೆಗೆ ಬಂದು ಷರ್ಟು ಬಿಚ್ಚಿದರೆ ಬೇರೆಯೇ. ನೀಲಿ ಅಂಚಿನ ಪಿಂಗಾಣಿ ತಟ್ಟೆ ಎತ್ತಿ ಎಸೆದ. ಅದು ಕಲಾವತಿಯ ಕಿವಿಯ ಪಕ್ಕ ಹಾದು ಗೋಡೆಗೆ ಬಡಿಯಿತು. ಎರಡನೆಯದು ಹಣೆಗೇ ತಗುಲಿತು. ಬಿಳೀ ಗೋಡೆಯ ಮೇಲೆ ಸಾರೂ ರಕ್ತವೂ ಒಟ್ಟಿಗೆ ಇಳಿದವು.

ಅವನು ಹೊರಗೆ ಹೋದ ಮೇಲೆ ಕಲಾವತಿ ಹಣೆಗೆ ಅರಿಸಿನ ಒತ್ತಿಕೊಂಡು ನೆಲದಲ್ಲಿ ಕೂತಳು.

"ಚಪ್ಪಲಿ ಹಾಕ್ಕೊಂಡು ಬಾ ಪುಟ್ಟಿ. ನೀಲಿ ಒಂದು ಕಡೆ, ಬಿಳಿ ಒಂದು ಕಡೆ ಇಡು."

"ಬಿಸಾಕು ಅಮ್ಮಾ!"

"ಬಿಸಾಕಿದ್ರೆ ಒಡೆದದ್ದೇ ಉಳಿಯತ್ತೆ. ಇಟ್ಕೊಂಡ್ರೆ ಏನಾದ್ರೂ ಆಗತ್ತೆ."

ಇಕ್ಕಳದಲ್ಲಿ ಚೂರುಗಳ ಅಂಚು ಕತ್ತರಿಸಿ, ಬಿಳಿ ಸಿಮೆಂಟು ಕಲಸಿ, ಮುರಿದ ಟೀಪಾಯಿಯ ಮೇಲೆ ಕೂರಿಸುತ್ತ ಹೋದಳು. ನವಿಲಿನ ಕತ್ತು ಎದ್ದಿತು. ಗರಿಗಳಿಗೆ ಬಣ್ಣ ಸಾಲದೆ ಅದು ಸ್ವಲ್ಪ ಕಾಲ ಅರ್ಧಕ್ಕೇ ನಿಂತಿತ್ತು. ಉಳಿದದ್ದು ತುಂಬುವಷ್ಟು ಚೂರುಗಳಿಗೆ ಬದರಿನಾಥನ ಕೋಪ ಎಂದೂ ಕೊರತೆ ಮಾಡಲಿಲ್ಲ.

ಒಂದು ಸಲ ಹೆಂಗಸರ ಪತ್ರಿಕೆಯೊಂದರವಳು ಫೋಟೋ ತೆಗೆಯಲು ಬಂದಿದ್ದಳು. ಇಷ್ಟೆಲ್ಲ ಮಾಡೋದಕ್ಕೆ ಸ್ಫೂರ್ತಿ ಎಲ್ಲಿಂದ ಸಿಗತ್ತೆ ಮೇಡಂ, ಎಂದು ಕೇಳಿದಳು. ಕಲಾವತಿ ಗಂಡನಿಗೆ ಕಾಫಿ ಕೊಡುತ್ತ ನಕ್ಕಳು.

"ಎಲ್ಲಾ ಮನೇಲೇ ಸಿಗತ್ತಮ್ಮ."

ಬದರಿನಾಥನೂ ನಕ್ಕ. ಫೋಟೋದಲ್ಲಿ ಇಬ್ಬರೂ ನಗುತ್ತಿದ್ದಾರೆ.

*

"ಹೆಣ್ಣುಮಕ್ಕಳು ಸ್ಮಶಾನಕ್ಕೆ ಬರೋ ಪದ್ಧತಿ ಇಲ್ಲಮ್ಮ," ಎಂದರು ಪುರೋಹಿತ ವಿಷ್ಣುತೀರ್ಥಾಚಾರ್ಯರು.

"ನಾನು ಬರ್ತೀನಿ," ಎಂದಳು ಭಾವನಾ.

ಅವಳ ಗಂಡ ಗುರುಚರಣ ಪಕ್ಕಕ್ಕೆ ಬಂದು ನಿಂತ. ಪೆರುಂಗುಡಿಯ ಆಫೀಸಿನಿಂದ ನೇರ ಬಂದಿದ್ದ, ಕತ್ತಿನಲ್ಲಿ ಗುರುತಿನ ಚೀಟಿಯ ಪಟ್ಟಿ ಹಾಗೇ ಇತ್ತು. ಎಲ್ಲರಿಗೂ ಕೈಮುಗಿಯುತ್ತ, ಎಲ್ಲರಿಗೂ ನೀರು ಕೊಡುತ್ತ ಓಡಾಡುತ್ತಿದ್ದ. ಎಂಥಾ ಅಳಿಯ, ಎಂದು ಎರಡು ಮೂರು ಜನ ಆಗಲೇ ಅಂದಿದ್ದರು. ಸೆರಗಿನ ಮರೆಯಲ್ಲಿ ಅವಳ ಮಣಿಕಟ್ಟು ಹಿಡಿದು, ಹೆಬ್ಬೆರಳನ್ನು ಮೂಳೆಗೆ ಒತ್ತಿದ.

"ಸೀನ್ ಪೋಡಾದೆ, ನಾಟಕ ಬೇಡ," ಎಂದ ಮೆಲ್ಲಗೆ, ಮುಖದ ತುಂಬ ಮರುಕ ಇಟ್ಟುಕೊಂಡು. "ಎಲ್ಲರ ಮುಂದೆ ಮಾನ ತೆಗೀಬೇಡ. ಮನೆಗೆ ಹೋದ್ಮೇಲೆ ಇದೆ ನಿಂಗೆ."

ಶಾರದಮ್ಮ ಆ ಕೈಯನ್ನೇ ನೋಡುತ್ತಿದ್ದರು. ಎದ್ದು ಬಂದು ನಡುವೆ ನಿಂತರು.

"ಹೆತ್ತವಳು ರೀ ಅವಳಿಗೆ. ಬರಲಿ ಬಿಡಿ ಆಚಾರ್ರೇ, ನಾನೂ ಬರ್ತೀನಿ." ಮತ್ತೆ ಭಾವನಾಳ ಕಿವಿಗೆ, "ನಮ್ಮನೆ ಕೀ ಹೂಕುಂಡದ ಕೆಳಗಿರತ್ತೆ. ಯಾರನ್ನೂ ಕೇಳ್ಬೇಡ."

*

ಹೋದ ತಿಂಗಳು ಭಾವನಾ ಒಂದು ಪ್ಲಾಸ್ಟಿಕ್ ಚೀಲ ತಂದಿದ್ದಳು. ಒಳಗೆ ಕೆಂಪು ಕಪ್ಪೊಂದರ ಚೂರುಗಳು. ಅಡುಗೆಮನೆಯಲ್ಲಿ ಅಮ್ಮನ ಮುಂದೆ ಸುರಿದಳು. ಅವಳ ತುಟಿ ಊದಿತ್ತು.

ಕಲಾವತಿ ಚೂರುಗಳನ್ನು ನೋಡಿದಳು. ಎದ್ದು ಹೋಗಿ ಅಟ್ಟದಿಂದ ಖಾಲಿ ಬಿಸ್ಕತ್ತಿನ ಡಬ್ಬಿಯೊಂದನ್ನು ಇಳಿಸಿದಳು. ಧೂಳು ಒರೆಸಿದಳು.

"ನಿಂದು ಇದರಲ್ಲಿ ಹಾಕಿಡ್ತೀನಿ. ಕೆಂಪು ಚೆನ್ನಾಗಿದೆ. ತುಂಬಿದ ಮೇಲೆ ಒಂದು ಟ್ರೇ ಆಗತ್ತೆ."

ತುಂಬಿದ ಮೇಲೆ! ಆ ಮಾತು ಕೇಳಿ ಭಾವನಾಗೆ ಗುರುಚರಣನ ಏಟಿಗಿಂತ ಹೆಚ್ಚು ಭಯವಾಯಿತು. ಎಷ್ಟು ವರ್ಷ ಬೇಕು ಆ ಡಬ್ಬಿ ತುಂಬಲು? "ಅವನನ್ನ ಬಿಟ್ಟು ಬಾ ಅಂತ ಹೇಳಮ್ಮಾ ಒಂದು ಸಲ," ಎಂದು ಕೂಗಿದಳು. "ನಿನ್ನ ಹತ್ರ ಡಬ್ಬಿ ಕೇಳೋಕೆ ಬಂದೆನಾ ನಾನು?"

ಕಲಾವತಿ ಚೂರುಗಳನ್ನು ಡಬ್ಬಿಗೆ ಹಾಕಿದಳು. "ನಂಗೆ ಬೇರೆ ಏನೂ ಬರಲ್ಲ ಪುಟ್ಟಿ," ಎಂದಳು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು, ಬದರಿನಾಥ ಬಂದಿದ್ದ. ಅವಳು ಬೇಗಬೇಗ ಮುಚ್ಚಳ ಹಾಕಿದಳು.

ಅಮ್ಮ ಮಗಳು ಆಡಿದ ಕೊನೆಯ ಮಾತು ಅದು.

*

ಕಣ್ಣಮ್ಮಾಪೇಟೆ ಸ್ಮಶಾನದಲ್ಲಿ ಬಿಸಿಲು ಉರಿಯುತ್ತಿತ್ತು. ಗಂಡುಮಕ್ಕಳಿಲ್ಲದ್ದರಿಂದ ಬದರಿನಾಥನೇ ನೀರಿನ ಮಡಕೆ ಹೊತ್ತು ಚಿತೆ ಸುತ್ತಿದ. ಸುತ್ತಿಗೊಂದರಂತೆ ಆಚಾರ್ಯರು ಕಲ್ಲಿನಿಂದ ಮಡಕೆಗೆ ತೂತು ಹೊಡೆದರು. ನೀರು ಅವನ ಬೆನ್ನ ಮೇಲೆ ಇಳಿಯಿತು.

"ಈಗ ಹಿಂದಕ್ಕೆ ಬಿಡಿ. ಮೆಲ್ಲಗೆ ಭುಜದಿಂದ ಜಾರಿಸಿ. ಕೊಳ್ಳಿ ಇಟ್ಟು ನಡೆದುಬಿಡಿ. ಆಮೇಲೆ ಯಾರೂ ತಿರುಗಿ ನೋಡಬಾರದು."

ಬದರಿನಾಥ ಜಾರಿಸಲಿಲ್ಲ. ಎರಡೂ ಕೈಯಲ್ಲಿ ಮಡಕೆ ಎತ್ತಿ, ತಲೆಯ ಮೇಲಿಂದ ಹಿಂದಕ್ಕೆ ಬೀಸಿ ಎಸೆದ. ಅದೊಂದೇ ಅವನಿಗೆ ಗೊತ್ತಿದ್ದ ರೀತಿ. ಆಚಾರ್ಯರು ಹೆದರಿ ಪಕ್ಕಕ್ಕೆ ಹಾರಿದರು. ಮಡಕೆ ಕಲ್ಲಿಗೆ ಬಡಿದು ಸಿಡಿಯಿತು. ಒಂದು ಚೂರು ಭಾವನಾಳ ಕಾಲಿಗೆ ತಾಗಿ ಚರ್ಮ ಹರಿಯಿತು. ಬದರಿನಾಥ ಕೊಳ್ಳಿ ಇಟ್ಟ. ಬೆಂಕಿ ಹತ್ತಿತು.

ಭಾವನಾ ಬಗ್ಗಿದಳು. ಕೈ ನೆಲದವರೆಗೂ ಹೋಯಿತು. ಮಡಕೆಯ ಚೂರು ಬಿಸಿಲಿಗೆ ಕಾದಿತ್ತು, ಅವಳ ರಕ್ತ ಅದರ ಅಂಚಿಗೆ ಅಂಟಿತ್ತು. ಒಳ್ಳೇ ಕೆಂಪು. ಅಮ್ಮ ಇದ್ದಿದ್ದರೆ ಇದನ್ನು ಯಾವ ಡಬ್ಬಿಗೆ ಹಾಕುತ್ತಿದ್ದಳು?

ಅವಳು ಸೆರಗಿನ ಗಂಟು ಬಿಚ್ಚಿದಳು. ನವಿಲಿನ ನೀಲಿ ಚೂರುಗಳು ಮಡಕೆಯ ಚೂರುಗಳ ಮೇಲೆ ಸುರಿದವು. ಸೆರಗನ್ನು ಎರಡು ಸಲ ಕೊಡವಿದಳು. ಸಿಮೆಂಟಿನ ಬಿಳಿ ಪುಡಿ ಗಾಳಿಗೆ ಹಾರಿತು.

"ಭಾವನಾ, ಕಾರು ಈ ಕಡೆ," ಎಂದ ಗುರುಚರಣ.

ಅವಳು ಆ ಕಡೆ ಹೋಗಲಿಲ್ಲ. ಶಾರದಮ್ಮ ಗೇಟಿನ ಹತ್ತಿರ ಆಟೋ ನಿಲ್ಲಿಸಿದ್ದರು.

"ಏಯ್, ಭಾವನಾ! ಕೇಳಿಸಲ್ವಾ? ತಿರುಗು ಇಲ್ಲಿ!" ಈ ಸಲ ದನಿಯಲ್ಲಿ ಮರುಕ ಇರಲಿಲ್ಲ. ಎಲ್ಲರಿಗೂ ಕೇಳಿಸಿತು. ಅವನು ಅವಳ ಹಿಂದೆ ಓಡಿದ. ಆಚಾರ್ಯರು ಒದ್ದೆ ಕೈ ಚಾಚಿ ಅವನನ್ನು ತಡೆದರು.

"ಕರೀಬೇಡಿ ಸ್ವಾಮಿ. ಇಲ್ಲಿಂದ ಹೋಗುವಾಗ ತಿರುಗಿ ನೋಡಬಾರದು."

ಭಾವನಾ ಬಿಸಿಲಲ್ಲಿ ಗೇಟು ದಾಟಿದಳು. ಕಾಲಿನಿಂದ ಇಳಿದ ರಕ್ತ ಒಂದೊಂದು ಹೆಜ್ಜೆಗೂ ಮಣ್ಣಿನಲ್ಲಿ ಗುರುತು ಬಿಡುತ್ತಿತ್ತು. ಖಾಲಿ ಸೆರಗು ಗಾಳಿಗೆ ಹಿಂದಕ್ಕೆ ಹಾರಾಡುತ್ತಿತ್ತು.